ಕಲ್ಯಾಣಿಗೆ ಪೋಷಕರು ಬೇಕಾಗಿದ್ದಾರೆ

ನಟರಾಜ ಬ್ಯಾಂಕಿನಲ್ಲಿ ದಿನವಿಡೀ ಸಹಿ ಹಾಕುವ ಮನುಷ್ಯ. ಮನೆಸಾಲಕ್ಕೆ, ಚಿನ್ನದ ಸಾಲಕ್ಕೆ, ಮೀನುಗಾರರ ದೋಣಿಸಾಲಕ್ಕೆ, ಕೊನೆಗೆ ಶಾಖೆಗೆ ಬರುವ ಕುಡಿಯುವ ನೀರಿನ ಕ್ಯಾನಿಗೂ ಅವನದೇ ಸಹಿ. ಇಂಥವನು ಆ ಬೆಳಿಗ್ಗೆ ಹೆಂಡತಿ ತಿಂಡಿಯ ತಟ್ಟೆಯ ಪಕ್ಕ ಇಟ್ಟ ಒಂದು ಹಾಳೆಗೆ ಮಾತ್ರ ಸಹಿ ಹಾಕಲಾರೆ ಅಂದುಬಿಟ್ಟ. ಕೇರಳದ ಪಟ್ಟಂ ಬಡಾವಣೆಯ ಆ ಫ್ಲಾಟಿನಲ್ಲಿ ಗಲಾಟೆ ಹುಟ್ಟಿದ್ದು ಇಷ್ಟು ಸಣ್ಣ ಕಾರಣಕ್ಕೆ.

ಹಾಳೆ ಕಾಲೇಜಿನದು. ವಿದ್ಯಾರ್ಥಿನಿಯ ಹೆಸರು ಕಲ್ಯಾಣಿ, ವಯಸ್ಸು ನಲವತ್ತಾರು, ಬಿ.ಎ. ಅರ್ಥಶಾಸ್ತ್ರ, ಎರಡನೆಯ ವರ್ಷ. ನಟರಾಜನ ಹೆಂಡತಿ ಅನ್ನುವುದನ್ನು ಕಾಲೇಜಿನವರು ಕೇಳಿರಲಿಲ್ಲ, ಆದರೆ "ಪೋಷಕರ ಸಹಿ" ಅಂತ ಕೆಳಗೊಂದು ಗೆರೆ ಎಳೆದಿದ್ದರು.

ಕಲ್ಯಾಣಿ ಧಾರವಾಡದ ಹುಡುಗಿ. ಪಿಯುಸಿಯಲ್ಲಿ ಅವಳಿಗೆ ಗಣಿತದಲ್ಲಿ ಬಂದ ಅಂಕ ನೋಡಿ ಓಣಿಯೇ ಬೆರಗಾಗಿತ್ತು. ಎಲ್ಲರಿಗಿಂತ ಹೆಚ್ಚು ಬೆರಗಾದ ಅವಳ ಅಪ್ಪ, ಹೆಣ್ಣುಮಗಳಿಗೆ ಇಷ್ಟು ಗಣಿತ ಸಾಕು ಅಂತ ಗೃಹವಿಜ್ಞಾನಕ್ಕೆ ಸೇರಿಸಿದರು. ಎರಡನೆಯ ವರ್ಷದಲ್ಲಿ ಮದುವೆಯಾಯಿತು, ಪರೀಕ್ಷೆ ಆಗಲಿಲ್ಲ. ಆಮೇಲೆ ಗಂಡನ ವರ್ಗಾವಣೆಗಳು, ಮಗಳ ಶಾಲೆ, ಮಗಳ ಟ್ಯೂಷನ್ನು, ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲು. ಆ ಮಗಳು ಸಂಹಿತಾ ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿ ವೈಟ್ಟಿಲದ ಹತ್ತಿರ ರೂಮು ಮಾಡಿಕೊಂಡ ವಾರವೇ ಕಲ್ಯಾಣಿ ಯಾರನ್ನೂ ಕೇಳದೆ ಹೋಗಿ ಕಾಲೇಜಿಗೆ ಅರ್ಜಿ ಹಾಕಿ ಬಂದಿದ್ದಳು. ಬಂದು ಸಾಂಬಾರಿಗೆ ಒಗ್ಗರಣೆ ಕೊಡುತ್ತ ಗಂಡನಿಗೆ ಸುದ್ದಿ ಹೇಳಿದ್ದಳು.

ಈಗ ಮೂರನೆಯ ಸೆಮಿಸ್ಟರ್. ಮುಂದಿನ ಓದಿನ ದಾರಿ ವಿದ್ಯಾರ್ಥಿಗಳೇ ಆರಿಸಬೇಕು. ಆಯ್ಕೆಗೆ ಎರಡೇ ಪೇಪರು: ಗಣಿತೀಯ ಅರ್ಥಶಾಸ್ತ್ರ, ಇಲ್ಲವೇ ಗೃಹ ಹಣಕಾಸು ನಿರ್ವಹಣೆ. ಮೊದಲನೆಯದನ್ನು ತಗೊಂಡರೆ ಮುಂದೆ ಎಂ.ಎ.ಗೆ ಹೋಗಬಹುದು. ಎರಡನೆಯದನ್ನು ತಗೊಂಡರೆ ತರಕಾರಿ ಅಂಗಡಿಗೆ ಹೋಗಬಹುದು, ಅಲ್ಲಿಗೆ ಕಲ್ಯಾಣಿ ಹೇಗೂ ಹೋಗುತ್ತಲೇ ಇದ್ದಳು. ಅಂದೇ ಕೊನೆಯ ದಿನ. ಸಂಜೆಯೊಳಗೆ ಪೋಷಕರ ಸಹಿ ಬಿದ್ದ ಹಾಳೆ ತಲುಪದಿದ್ದರೆ ಕಾಲೇಜೇ ಯಾವುದೋ ಒಂದು ಪೇಪರಿಗೆ ಹಾಕುತ್ತದೆ, ಆಮೇಲೆ ಬದಲಾವಣೆ ಇಲ್ಲ.

"ನಿನಗ ಬಿಪಿ ಅದ," ಅಂದ ನಟರಾಜ. "ಈ ವಯಸ್ಸಿನ್ಯಾಗ ಆ ಕ್ಯಾಲ್ಕುಲಸ್ ಗಿಲ್ಕುಲಸ್ ಯಾಕ ಬೇಕು? ಗೃಹ ಹಣಕಾಸು ತಗೋ. ಇಪ್ಪತ್ತೈದು ವರ್ಷ ಮಾಡಿಕೋತ ಬಂದೀದಿ, ಪುಸ್ತಕ ತೆಗೀದನ ಪಾಸಾಗ್ತಿ."

"ಬರೂದನ್ನ ಕಲೀಲಿಕ್ಕೆ ನಾ ಕಾಲೇಜಿಗ್ಯಾಕ ಹೋಗ್ಲಿ?" ಅಂದಳು ಕಲ್ಯಾಣಿ. "ನಾ ನಿಮ್ಮ ಸಹಿ ಕೇಳೀನಿ, ಸಲಹಾ ಕೇಳಿಲ್ಲ."

ಬಿಪಿ ಬರೀ ನೆಪ. ಕಳೆದ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಕಲ್ಯಾಣಿ ಬಿಡಿಸಲಾಗದ ಲೆಕ್ಕಗಳನ್ನೆಲ್ಲ ಊಟದ ಹೊತ್ತಿಗೆ ಗಂಡನ ಮುಂದೆ ಇಡುತ್ತಿದ್ದಳು. ಬ್ಯಾಂಕಿನ ಮ್ಯಾನೇಜರನಿಗೆ ಒಂದೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಿಡಿಸಿ, ಇದು ಹೀಗೆ ನೋಡ್ರಿ ಅಂತ ವಿವರಿಸುತ್ತಿದ್ದಳು. ಆಗ ಗಂಟಲಿಗೆ ಸಿಕ್ಕಿಕೊಂಡ ಚಪಾತಿಯ ತುಣುಕು ಇವತ್ತಿಗೂ ಅವನಿಗೆ ಕೆಳಗಿಳಿದಿರಲಿಲ್ಲ.

ನಟರಾಜ ಜಗಳಕ್ಕೆ ನಿಲ್ಲುವವನಲ್ಲ. ಮನೆಯಲ್ಲಿ ಗೆಲ್ಲಲಾಗದ ವಾದವನ್ನು ಊರ ಮುಂದೆ ಇಡುವವನು. ಬೂಟಿನ ದಾರ ಕಟ್ಟುತ್ತಲೇ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಮನೆಯವರು ಯಾವ ಪೇಪರ್ ತಗೊಂಡರೆ ಲೇಸು, ಹಿರಿಯರು ತಿಳಿಸಬೇಕು ಅಂತ ಕೇಳಿ ಬ್ಯಾಂಕಿಗೆ ಹೊರಟುಹೋದ. ರಾಜ್ಯೋತ್ಸವದ ಚಂದಾ ಕೇಳಿದಾಗ ಮೌನವ್ರತ ಹಿಡಿಯುವ ಗುಂಪು ಅದು. ಅವತ್ತು ಕುಕ್ಕರು ಮೂರು ಸಲ ಕೂಗುವುದರೊಳಗೆ ಊರಿನ ಅರ್ಧ ಕನ್ನಡಿಗರು ಕಲ್ಯಾಣಿಯ ಭವಿಷ್ಯ ತೀರ್ಮಾನಿಸಿಬಿಟ್ಟಿದ್ದರು. ಸಲಹೆ ಕೊಡುವುದಕ್ಕೆ ಯಾರ ಗಂಟೂ ಕರಗುವುದಿಲ್ಲವಲ್ಲ.

ಮೇಲಿನ ಮಹಡಿಯ ಯಶವಂತ, ಬೆಂಗಳೂರಿನಿಂದ ಬಂದು ಐಟಿ ಪಾರ್ಕಿನಲ್ಲಿ ಕೆಲಸ ಮಾಡುವವನು, ಲಿಫ್ಟಿನ ಬಳಿ ಸಿಕ್ಕಿ, ಆಂಟಿ ಎರಡೂ ಪೇಪರ್ ಬೇಡ, ಇನ್ನೈದು ವರ್ಷಕ್ಕೆ ಅರ್ಥಶಾಸ್ತ್ರವನ್ನೆಲ್ಲ ಕಂಪ್ಯೂಟರೇ ಮಾಡಿಕೊಳ್ಳುತ್ತೆ ಅಂತ ತಿಳಿಸಿದ. ಹಾಗಾದರೆ ನಿನ್ನ ಕೆಲಸ ಯಾರು ಮಾಡತಾರಪಾ ಅಂತ ಕಲ್ಯಾಣಿ ಕೇಳಿದಳು. ಯಶವಂತ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳಿದು ಹೋದ.

ಅವಳು ಮಗಳಿಗೆ ಫೋನ್ ಮಾಡಿದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಸಂಹಿತಾ ಎಂದಿನಂತೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಸಾರಾಂಶ ಇಷ್ಟು: ಪ್ಲಸ್ ಟೂ ಆದ ಮೇಲೆ ತಾನು ಸಂಗೀತಕ್ಕೆ ಸೇರುತ್ತೇನೆ ಅಂದಾಗ ಅಮ್ಮ, ಮೊದಲು ಸ್ಕೋಪ್ ನೋಡು ಅಂದಿದ್ದಳು, ಈಗ ಅಮ್ಮನೂ ಸ್ಕೋಪ್ ನೋಡಲಿ. ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಕಲ್ಯಾಣಿಗೆ ಜಾಸ್ತಿ ಸಿಟ್ಟು ಬಂತು.

ಧಾರವಾಡದಲ್ಲಿದ್ದ ತಾಯಿಗೆ ಮಾಡಿದಳು. ಎಂಬತ್ತು ದಾಟಿದ ಆ ತಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ನಟರಾಜ ಏನಂತಾನ?" ಅಂದಳು. ಕಲ್ಯಾಣಿ ಫೋನ್ ಇಟ್ಟಳು.

ಕೊನೆಗೆ ಉಳಿದವರು ಕೆಳಗಿನ ಮನೆಯ ಸೀತಮ್ಮ. ಮೈಸೂರಿನವರು. ಅವರ ಯಜಮಾನರು ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಹಾಗಾಗಿ ಭೂಮಿಯ ಮೇಲಿನ ಸಂಗತಿಗಳೆಲ್ಲ ತಮಗೆ ಮೇಲಿನಿಂದ ಕಾಣಿಸುತ್ತವೆ ಅನ್ನುವುದು ಸೀತಮ್ಮನವರ ನಂಬಿಕೆ. ತಂದೆತಾಯಿ, ಗಂಡ ಯಾರೂ ಸಹಿ ಹಾಕದಿದ್ದರೆ ಊರಿನ ಹಿರಿಯರೊಬ್ಬರು ಖುದ್ದಾಗಿ ಬಂದು ಹಾಕಬಹುದು ಅಂತ ಕಾಲೇಜಿನ ನಿಯಮವಿತ್ತು. ಸೀತಮ್ಮನಿಗೆ ಅರವತ್ತೆಂಟು, ಹಿರಿತನಕ್ಕೆ ಕೊರತೆಯಿಲ್ಲ.

"ನೋಡು ಕಲ್ಯಾಣಿ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ," ಅಂದರು ಅವರು. "ನನ್ನ ತಂಗಿ ಮಗ ಇದೇ ಗಣಿತ ತಗೊಂಡು ಈಗ ಒಬ್ಬೊಬ್ಬನೇ ಮಾತಾಡ್ಕೋತಾನೆ. ಆದ್ರೂ ನೀನು ಕೇಳ್ದೆ ಅಂತ ಬರ್ತೀನಿ. ಸಂಘದ ನವೆಂಬರ್ ನಾಟಕದಲ್ಲಿ ನೀನು ಪಾತ್ರ ಮಾಡ್ಬೇಕು, ಅಷ್ಟೇ."

ಕಲ್ಯಾಣಿ ಒಪ್ಪಿದಳು. ಯಾವ ಪಾತ್ರ ಅಂತಲೂ ಕೇಳಲಿಲ್ಲ. ಇಬ್ಬರೂ ಆಟೋ ಹತ್ತಿದರು.

ಕಾಲೇಜಿನ ಗೇಟಿನಲ್ಲಿ ಎಂದಿನಂತೆ ಹೊಸ ಹುಡುಗರು ಎದ್ದು ನಿಂತು ಗುಡ್ ಮಾರ್ನಿಂಗ್ ಟೀಚರ್ ಅಂದರು. ಎಂದಿನಂತೆ ಕಲ್ಯಾಣಿಯೂ ಗುಡ್ ಮಾರ್ನಿಂಗ್ ಅಂದಳು. ವರ್ಷವಿಡೀ ತಿದ್ದಿ ತಿದ್ದಿ ಸಾಕಾಗಿತ್ತು.

ಅವಳ ಸಲಹೆಗಾರ ಅಧ್ಯಾಪಕ ಸಜೀವ್ ಸಾರ್ ಮೂವತ್ತೆರಡರ ಸಂಕೋಚದ ಮನುಷ್ಯ. ತನಗಿಂತ ಹಿರಿಯಳಾದ ವಿದ್ಯಾರ್ಥಿನಿಗೆ ಕುರ್ಚಿ ಕೊಡಬೇಕೋ, ನಿಲ್ಲಿಸಬೇಕೋ ಅನ್ನುವುದು ಇನ್ನೂ ಅವನಿಗೆ ಗೊತ್ತಾಗಿರಲಿಲ್ಲ. ಪ್ರತಿಸಲವೂ ತಾನೇ ಎದ್ದು ನಿಂತುಬಿಡುತ್ತಿದ್ದ. ಈಗಲೂ ನಿಂತುಕೊಂಡೇ ಸೀತಮ್ಮನಿಗೆ ನಮಸ್ಕಾರ ಹೇಳಿ, ಕ್ರಮದ ಪ್ರಕಾರ ಒಂದು ಪ್ರಶ್ನೆ ಕೇಳಿದ: ನಿಮ್ಮ ಹುಡುಗಿ ಈ ಪೇಪರ್ ತಗೊಳ್ಳುವುದಕ್ಕೆ ನಿಮ್ಮ ಒಪ್ಪಿಗೆ ಇದೆಯಲ್ಲವೇ?

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಭಿಪ್ರಾಯ ಕೇಳಿದಾಗ ಸೀತಮ್ಮ ಒಂದಕ್ಷರದಲ್ಲಿ ಮುಗಿಸಿದ ದಾಖಲೆ ಇಲ್ಲ. ಮೂವತ್ತು ವರ್ಷದ ಮಲಯಾಳವನ್ನೆಲ್ಲ ಒಟ್ಟುಗೂಡಿಸಿಕೊಂಡು, ತಾನು ಸಹಿಯನ್ನೇನೋ ಹಾಕುತ್ತೇನೆ, ಆದರೆ ಮನಸ್ಸಿಗೆ ವಿರುದ್ಧವಾಗಿ ಸುಳ್ಳು ಹೇಳಲಾರೆ, ಈ ಪೇಪರು ಬೇಡ ಅಂತ ಬೆಳಿಗ್ಗೆಯಿಂದ ಬಡಕೊಳ್ಳುತ್ತಿದ್ದೇನೆ ಅಂದರು. ತಂಗಿಯ ಮಗನ ಕಥೆಯನ್ನೂ ಹೇಳಿದರು. ಹುಡುಗಿಯ ಗಂಡನಿಗೂ ಇಷ್ಟವಿಲ್ಲ ಅಂತ ಸೇರಿಸಿದರು.

ಸಜೀವ್ ಸಾರ್ ಪೆನ್ನಿನ ಮುಚ್ಚಳ ಹಾಕಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವನು. ಮನೆಯವರಿಗೇ ಒಪ್ಪಿಗೆ ಇಲ್ಲದ ಮೇಲೆ ತಾನು ಹೇಗೆ ಒಪ್ಪಲಿ, ಮನೆಗೆ ಹೋಗಿ ಎಲ್ಲರೂ ಕೂತು ಮಾತಾಡಿಕೊಂಡು ಬನ್ನಿ ಅಂದ. ಗೃಹ ಹಣಕಾಸಿಗೆ ಮಾತ್ರ ತಾನು ಈಗಿಂದೀಗಲೇ ಸೇರಿಸಬಲ್ಲೆ, ಆ ಪೇಪರಿಗೆ ಯಾರ ತಕರಾರೂ ಇರುವುದಿಲ್ಲ ಅಂತ ಸಮಾಧಾನವನ್ನೂ ಹೇಳಿದ.

ಕಲ್ಯಾಣಿ ಹೊರಗೆ ಬಂದಳು. ಮೈ ಉರಿಯುತ್ತಿತ್ತು. ಅಪ್ಪ ಆರಿಸಿದ ಓದು, ಅಪ್ಪ ಆರಿಸಿದ ಗಂಡ, ಬ್ಯಾಂಕು ಆರಿಸಿದ ಊರು. ಬದುಕಿನಲ್ಲಿ ಮೊದಲ ಸಲ ತಾನೇ ಒಂದನ್ನು ಆರಿಸಹೊರಟರೆ ಅದಕ್ಕೆ ಊರೆಲ್ಲ ಸೇರಿ ಅಡ್ಡಗಾಲು. ಆಟೋ ಕರೆಯಲೇ ಅಂತ ಸೀತಮ್ಮ ಕೇಳಿದರು. ನೀವು ಹೋಗಿರಿ ಅಂದಳು. ಅಂದವಳೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಡಳಿತ ಕಚೇರಿಯ ಮೆಟ್ಟಿಲ ಮೇಲೆ ನಟ್ಟನಡುವೆ ಕೂತುಬಿಟ್ಟಳು.

ಕಚೇರಿಯ ಗುಮಾಸ್ತ ಇಸ್ಮಾಯಿಲ್ ಬಂದು, ಇಲ್ಲಿ ಕೂತರೆ ಓಡಾಡುವವರಿಗೆ ತೊಂದರೆ ಅಂದ. ತೊಂದರೆ ಆಗಲಿ ಅಂತಲೇ ಕೂತಿದ್ದೇನೆ, ನನ್ನ ಪೇಪರು ನಾನೇ ಆರಿಸುವ ತನಕ ಏಳುವುದಿಲ್ಲ ಅಂದಳು. ಇಸ್ಮಾಯಿಲ್ ಒಳ್ಳೆಯವನು, ಒಳಗೆ ಹೋಗಿ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟ.

ಅವಳ ತರಗತಿಯ ನಿಶಾ ಆ ಕಡೆ ಬಂದಳು. ಏನಾಯಿತು ಚೇಚಿ ಅಂತ ಅಕ್ಕನನ್ನು ಕೇಳುವ ಹಾಗೆ ಕೇಳಿದಳು. ಕಲ್ಯಾಣಿ ಹೇಳಿದಳು. ತರಕಾರಿ ಮಾರುಕಟ್ಟೆಯಲ್ಲಿ ಕಲಿತ ಅವಳ ಮಲಯಾಳ ಚೌಕಾಸಿಗೂ ಜಗಳಕ್ಕೂ ಬಹಳ ಅನುಕೂಲವಾದದ್ದು. ಮತ ಹಾಕಬಹುದು, ಗಾಡಿ ಓಡಿಸಬಹುದು, ಮಗಳ ಮದುವೆ ಮಾಡಬಹುದು, ಒಂದು ಪೇಪರ್ ಆರಿಸುವುದಕ್ಕೆ ಮಾತ್ರ ಅಪ್ಪನೋ ಗಂಡನೋ ಬರಬೇಕು, ಇದೆಂಥ ಅರ್ಥಶಾಸ್ತ್ರ ಅಂತ ಕೇಳಿದಳು. ನಿಶಾಳ ಕಣ್ಣು ಹೊಳೆಯಿತು. ತನ್ನ ಪೇಪರನ್ನೂ ಅಪ್ಪನೇ ಆರಿಸಿದ್ದು, ತನ್ನನ್ನು ಯಾರೂ ಕೇಳಲೇ ಇಲ್ಲ ಅಂತ ಹೇಳಿ ಅವಳೂ ಪಕ್ಕದಲ್ಲಿ ಕೂತಳು.

ಬೇರೆ ಊರಿನಲ್ಲಾದರೆ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಕೂತರೆ ಯಾರಾದರೂ ಹೇನು ತೆಗೆಯುತ್ತಿದ್ದಾರೆ ಅಂದುಕೊಂಡಾರು. ಕೇರಳದ ಕಾಲೇಜಿನಲ್ಲಿ ಅದು ಸಮರಂ, ಅಂದರೆ ಮುಷ್ಕರ. ಯಾರಾದರೂ ಎಲ್ಲಾದರೂ ಕೂತರೆ, ಯಾಕೆ ಅಂತ ಕೇಳುವುದಕ್ಕಿಂತ ಮೊದಲು ಬಾವುಟ ಬರುತ್ತದೆ. ವಿದ್ಯಾರ್ಥಿ ಸಂಘಟನೆಯ ಮುಖಂಡ ಆಶಿಶ್ ಬಂದ. ವಿಷಯ ತಿಳಿದುಕೊಂಡ. ಅವನ ಹಿಂದೆ ಎದುರು ಸಂಘಟನೆಯವರು ಬಂದರು. ಕ್ಯಾಂಟೀನಿನ ಚಹಾದ ವಿಷಯದಲ್ಲೂ ಒಮ್ಮತಕ್ಕೆ ಬಾರದಿದ್ದ ಎರಡು ಸಂಘಟನೆಗಳು ಅಂದು ಒಂದಾದವು. ತರಗತಿಗಳು ಖಾಲಿಯಾದವು. "ನಮ್ಮ ಓದು ನಮ್ಮ ಆಯ್ಕೆ" ಅನ್ನುವ ಘೋಷಣೆ ಹುಟ್ಟಿತು. ಅದರ ಬಾಲಕ್ಕೆ "ಕಲ್ಯಾಣಿ ಚೇಚಿ ಸಿಂದಾಬಾದ್" ಸೇರಿತು.

ಕಲ್ಯಾಣಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಹೆದರಿಕೆ. ಆಮೇಲೆ, ನಿಜ ಹೇಳಬೇಕೆಂದರೆ, ಹಾಯೆನಿಸಿತು. ನಲವತ್ತಾರು ವರ್ಷದಲ್ಲಿ ಅವಳ ಹೆಸರನ್ನು ಯಾರೂ ಇಷ್ಟು ಜೋರಾಗಿ ಕೂಗಿರಲಿಲ್ಲ, ಕೂಗಿದ್ದರೆ ಅದು ಚಹಾ ಬೇಕು ಅಂತ. ಅವಳು ಎದ್ದು ನಿಂತು ಮುಷ್ಟಿ ಎತ್ತಿದಳು. ಬಳೆಗಳು ಮೊಳಕೈಗೆ ಜಾರಿದವು. ಮನೆಗೆ ಹೋಗದೆ ಅಲ್ಲೇ ಮರದ ನೆರಳಿನಲ್ಲಿ ಉಳಿದಿದ್ದ ಸೀತಮ್ಮ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಕನ್ನಡ ಸಂಘದ ಗುಂಪಿಗೆ ಹಾಕಿದರು.

ವಿಡಿಯೋ ಕೈಯಿಂದ ಕೈಗೆ ಹೋಗಿ ಬ್ಯಾಂಕಿಗೂ ತಲುಪಿತು. ಕ್ಯಾಷ್ ಕೌಂಟರಿನ ಸಾಲಿನಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಅದನ್ನು ಮ್ಯಾನೇಜರನಿಗೇ ತೋರಿಸಿ, ಈ ಚೇಚಿ ಯಾರೋ ಗೊತ್ತಿಲ್ಲ, ಗಂಡ ಮಾತ್ರ ಹಳೇ ಕಾಲದ ಆಸಾಮಿ ಇರಬೇಕು ಅಂದರು. ಸ್ವಲ್ಪ ಹೊತ್ತಿಗೆ ವಲಯ ಕಚೇರಿಯಿಂದಲೂ ಫೋನ್ ಬಂತು, ಮಹಿಳಾ ಸಬಲೀಕರಣದ ಬಗ್ಗೆ ಹೋದ ತಿಂಗಳು ಭಾಷಣ ಮಾಡಿದವರು ನೀವೇ ಅಲ್ಲವೇ ಅಂತ. ನಟರಾಜ ಆಟೋ ಹಿಡಿದ.

ಅವನು ಗುಂಪನ್ನು ಸೀಳಿಕೊಂಡು ಬಂದಾಗ ಕೈಯಲ್ಲಿ ಒಂದು ಬಿಳಿ ಹಾಳೆ ಇತ್ತು. ತನ್ನ ಹೆಂಡತಿ ಗಣಿತೀಯ ಅರ್ಥಶಾಸ್ತ್ರ ಓದಲು ತನ್ನ ಪೂರ್ಣ ಒಪ್ಪಿಗೆ ಇದೆ ಅಂತ ಬರೆದು ಸಹಿ ಹಾಕಿದ್ದ. ಅಭ್ಯಾಸಬಲದಿಂದ ಅದರ ಮೇಲೆ ಬ್ಯಾಂಕಿನ ಮೊಹರೂ ಬಿದ್ದಿತ್ತು.

"ತಗೋ ತಾಯಿ," ಅಂದ. ಬೆವರು ಇಳಿಯುತ್ತಿತ್ತು. "ಸಹಿ ಹಾಕೀನಿ. ನಿನ್ನ ಗಣಿತ ನೀ ಓದು. ಎದ್ದು ಮನೀಗೆ ನಡಿ."

ಘೋಷಣೆ ನಿಂತಿತು. ಹುಡುಗರೆಲ್ಲ ಕಲ್ಯಾಣಿಯ ಮುಖ ನೋಡಿದರು. ಕೈ ಚಾಚಿದರೆ ಸಾಕಿತ್ತು. ಹಾಳೆ ಇಸಕೊಂಡು, ಸಜೀವ್ ಸಾರ್ ಮೇಜಿಗೆ ಹಾಕಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಿತ್ತು. ಬೆಳಿಗ್ಗೆಯಿಂದ ಅವಳು ಬೇಡಿದ್ದು ಇದನ್ನೇ. ಅವಳ ಕೈ ಒಂದು ಗೇಣು ಮುಂದೆ ಹೋಯಿತು ಕೂಡ. ಅಷ್ಟರಲ್ಲಿ ಪಕ್ಕದಲ್ಲಿ ನಿಶಾ ಉಸಿರು ಬಿಗಿಹಿಡಿದು ನಿಂತದ್ದು ಕಣ್ಣಿಗೆ ಬಿತ್ತು.

"ಮುಂಜಾನೆ ಕೊಟ್ಟಿದ್ರ ಕಣ್ಣಿಗೊತ್ತಿಕೊಂಡು ಇಸಕೋತಿದ್ದೆ," ಅಂದಳು. "ಈಗ ಇಸಕೊಂಡ್ರ ಈ ಹುಡುಗ್ರಿಗೆ ನಾ ಏನ್ ಹೇಳ್ಲಿ? ನನಗ ನಿಮ್ಮ ಸಹಿ ಬ್ಯಾಡ. ಯಾರ ಸಹೀನೂ ಬ್ಯಾಡ. ಒಯ್ಯಿರಿ."

ಹುಡುಗರಿಗೆ ಕನ್ನಡ ತಿಳಿಯಲಿಲ್ಲ, ಆದರೆ ಅವಳ ಕೈ ಗೇಟು ತೋರಿಸಿದ್ದು ಎಲ್ಲರಿಗೂ ತಿಳಿಯಿತು. ಸಿಂದಾಬಾದ್ ಮೊದಲಿಗಿಂತ ಇಮ್ಮಡಿಯಾಯಿತು. ಆಶಿಶ್ ನಟರಾಜನ ಕೈ ಕುಲುಕಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಅವನನ್ನೂ ಕೂರಿಸಿದ. ಪಾಪ, ಬ್ಯಾಂಕಿನ ಮ್ಯಾನೇಜರು ಮೊಹರು ಬಿದ್ದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತ ತನ್ನ ವಿರುದ್ಧದ ಸಮರದಲ್ಲಿ ತಾನೇ ಭಾಗವಹಿಸಿದ.

ಊಟದ ಹೊತ್ತು ಮೀರಿದ ಮೇಲೆ ಪ್ರಿನ್ಸಿಪಾಲರು ಮಾತುಕತೆಗೆ ಕರೆದರು. ಕಲ್ಯಾಣಿ, ನಿಶಾ, ಆಶಿಶ್ ಒಳಗೆ ಹೋದರು. ಪ್ರಿನ್ಸಿಪಾಲರಿಗೆ ನಿವೃತ್ತಿ ಹತ್ತಿರವಿತ್ತು, ನೆಮ್ಮದಿ ಬೇಕಿತ್ತು. ಮೇಡಂ ಒಬ್ಬರಿಗೆ ವಿಶೇಷವಾಗಿ ವಿನಾಯಿತಿ ಕೊಡೋಣ, ವಯಸ್ಸಾದವರು ಅಂತ ಬರೆದುಕೊಂಡರಾಯಿತು ಅಂದರು. ಕಲ್ಯಾಣಿಗೆ ಎರಡನೆಯ ಸಲ ಬೇಕಾದದ್ದು ಕೈಗೆ ಬಂದಿತ್ತು. ಎರಡನೆಯ ಸಲವೂ ಅವಳು ತಲೆಯಾಡಿಸಿದಳು. ವಿನಾಯಿತಿ ಬೇಡ, ನಿಯಮವೇ ಹೋಗಬೇಕು, ಎಲ್ಲರಿಗೂ ಹೋಗಬೇಕು ಅಂದಳು. ಪ್ರಿನ್ಸಿಪಾಲರು ಗಡಿಯಾರ ನೋಡಿ, ಕಿಟಕಿಯಾಚೆಯ ಗುಂಪು ನೋಡಿ, ಹಾಗೇ ಆಗಲಿ ಅಂದರು. ಇನ್ನು ಮೇಲೆ ಪೋಷಕರ ಸಹಿ ಇಲ್ಲ. ಈಗಾಗಲೇ ಸಹಿ ಹಾಕಿಸಿ ಕೊಟ್ಟವರು ಕೂಡ ಇಷ್ಟವಿದ್ದರೆ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಹೊಸದಾಗಿ ಆರಿಸಬಹುದು.

ಕಲ್ಯಾಣಿಯನ್ನು ಹುಡುಗಿಯರು ಎತ್ತಿಕೊಳ್ಳಲು ಹೋಗಿ ತೂಕ ಅಂದಾಜಾದ ಮೇಲೆ ಬಿಟ್ಟರು. ಕ್ಯಾಂಟೀನಿನವನು ಪರಿಪ್ಪು ವಡೆ ಹಂಚಿದ. ಅವಳು ಎಲ್ಲರಿಗಿಂತ ಮೊದಲು ಕಂಪ್ಯೂಟರ್ ಕೋಣೆಗೆ ಹೋಗಿ, ಗಣಿತೀಯ ಅರ್ಥಶಾಸ್ತ್ರ ಅನ್ನುವುದರ ಮೇಲೆ ತಾನೇ ಒತ್ತಿದಳು. ಅವಳ ಹಿಂದೆ ಹುಡುಗ ಹುಡುಗಿಯರ ಸಾಲು ವರಾಂಡ ದಾಟಿ ಅಂಗಳದವರೆಗೆ ಬೆಳೆದಿತ್ತು. ಹೊರಗೆ ಕೂತಿದ್ದ ನಟರಾಜನಿಗೆ ಹೆಂಡತಿಯ ಮೇಲೆ ಸಿಟ್ಟಿತ್ತು, ಆದರೂ ಪಕ್ಕದವರಿಗೆ ಅವಳು ನನ್ನ ಹೆಂಡತಿ ಅಂತ ಎರಡು ಸಲ ಹೇಳಿದ.

ಗಣಿತೀಯ ಅರ್ಥಶಾಸ್ತ್ರ ಕಲಿಸುವವರು ಆಯೇಷಾ ಟೀಚರ್. ಕಾಸರಗೋಡಿನವರು, ಕಲ್ಯಾಣಿಯೊಡನೆ ಕನ್ನಡದಲ್ಲೇ ಮಾತು. ಸುದ್ದಿ ಹೇಳಿ ಆಶೀರ್ವಾದ ತಗೊಳ್ಳೋಣ ಅಂತ ಕಲ್ಯಾಣಿ ವಡೆಯ ಪೊಟ್ಟಣ ಹಿಡಿ‌ದು ಅವರ ಕೋಣೆಗೆ ಹೋದಳು. ಟೀಚರ್ ಕಂಪ್ಯೂಟರಿನ ಪರದೆ ನೋಡುತ್ತ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಮುಖದಲ್ಲಿ ಗೆಲುವಿರಲಿಲ್ಲ.

"ಬನ್ನಿ ಕಲ್ಯಾಣಿ," ಅಂದರು. "ನಿಮ್ಮದು ಬಂದಿದೆ, ನೋಡಿದೆ. ಬೆಳಿಗ್ಗೆ ನನ್ನ ಪೇಪರಿಗೆ ಮೂವತ್ತು ಮಕ್ಕಳಿದ್ದರು. ಈಗ ನೀವೊಬ್ಬರೇ ಉಂಟು."

ಕಲ್ಯಾಣಿಗೆ ಅರ್ಥವಾಗಲಿಲ್ಲ. ಕಂಪ್ಯೂಟರ್ ಕೆಟ್ಟಿರಬೇಕು ಅಂದಳು.

"ಕೆಟ್ಟದ್ದು ಎಂತದೂ ಇಲ್ಲ. ನನ್ನ ಕ್ಲಾಸಿಗೆ ಮಕ್ಕಳು ಇಷ್ಟದಲ್ಲಿ ಬರುದು ಅಂತ ತಿಳ್ಕೊಂಡಿದ್ರಾ ನೀವು? ಅವರನ್ನು ಕಳಿಸ್ತಾ ಇದ್ದದ್ದು ಅಪ್ಪಂದಿರು. ನೀವು ಇವತ್ತು ಅಪ್ಪಂದಿರನ್ನು ಓಡಿಸಿಬಿಟ್ಟಿರಿ. ಮಕ್ಕಳು ಓಡಿ ಹೋಗಿ ಗೃಹ ಹಣಕಾಸಿಗೆ ಸೇರಿದ್ರು. ಹತ್ತು ಜನ ಇಲ್ಲದಿದ್ರೆ ಪೇಪರ್ ನಡೆಸ್ಲಿಕ್ಕೆ ಇಲ್ಲ. ನಿಮ್ಮನ್ನೂ ಅಲ್ಲಿಗೇ ಹಾಕ್ತಾರೆ."

ಕಲ್ಯಾಣಿ ಹೊರಗೆ ಓಡಿದಳು. ಆಗಲೇ ಪೇಪರು ಬದಲಿಸಿ ಬಂದಿದ್ದ ನಿಶಾ ಎದುರಿಗೇ ಸಿಕ್ಕಿ ಅವಳನ್ನು ತಬ್ಬಿಕೊಂಡಳು. ಚೇಚಿ, ನೀವು ನನ್ನನ್ನು ಕ್ಯಾಲ್ಕುಲಸ್ಸಿನಿಂದ ಉಳಿಸಿದಿರಿ, ಸಾಯುವವರೆಗೂ ಮರೆಯುವುದಿಲ್ಲ ಅಂದಳು. ನೀನಾದರೂ ಗಣಿತಕ್ಕೆ ಬಾ ಅಂತ ಕಲ್ಯಾಣಿ ಬೇಡಿದಳು. ಇನ್ನೂ ಹೊತ್ತಿದೆ, ನಾನು ಹೇಳಿಕೊಡುತ್ತೇನೆ, ದಿನಾ ಮನೆಗೆ ಬಾ, ಊಟ ಹಾಕುತ್ತೇನೆ ಅಂದಳು. ನಿಶಾ ತಮಾಷೆ ಅಂದುಕೊಂಡು ನಕ್ಕು, "ನಮ್ಮ ಓದು ನಮ್ಮ ಆಯ್ಕೆ" ಅಂತ ಮುಷ್ಟಿ ಎತ್ತಿದಳು. ಸಾಲಿನಲ್ಲಿದ್ದವರೆಲ್ಲ ಮುಷ್ಟಿ ಎತ್ತಿದರು. ಕಲ್ಯಾಣಿಯೂ ಎತ್ತಬೇಕಾಯಿತು.

ಸಂಜೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಬೇಕಾಗಿದ್ದವರು ಒಂಬತ್ತೇ ಜನ. ಕಲ್ಯಾಣಿ ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಮರೆಗೆ ಹೋದಳು. ಕಾಲೇಜಿನ ಪ್ರವಾಸದ ಹೊತ್ತಿಗೆ ಹುಡುಗಿಯರ ಮನೆಯವರೆಲ್ಲ, ನೀವಿದ್ದೀರಿ ಅನ್ನುವುದೇ ನಮಗೆ ಧೈರ್ಯ ಅಂತ ತಮ್ಮ ತಮ್ಮ ನಂಬರು ಅವಳಿಗೆ ಕೊಟ್ಟಿದ್ದರು. ಆಚೀಚೆ ನೋಡಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಫೋನ್ ತೆಗೆದು ನಿಶಾಳ ಅಪ್ಪನ ನಂಬರು ಒತ್ತಿದಳು. ಇಂಥ ಕೆಲಸಕ್ಕೆ ತನ್ನ ಹೆಸರು ಹೇಳುವ ಧೈರ್ಯವಾಗಲಿಲ್ಲ, ಕಾಲೇಜಿನಿಂದ ಮಾತಾಡುವುದು ಅಂತಷ್ಟೇ ಮಲಯಾಳದಲ್ಲಿ ಶುರುಮಾಡಿದಳು. ನಿಮ್ಮ ಮಗಳು ಗಣಿತದ ಪೇಪರ್ ಬಿಟ್ಟಿದ್ದಾಳೆ, ಅವಳ ಭವಿಷ್ಯದ ಪ್ರಶ್ನೆ, ತಂದೆಯಾದವರು ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅಂದಳು.

ಆ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಬಂತು.

"ನಾನು ಹೇಳಿದರೆ ಯಾರು ಕೇಳ್ತಾರೆ ಟೀಚರ್?" ಅಂದರು ನಿಶಾಳ ಅಪ್ಪ. "ಬೆಳಿಗ್ಗೆ ಆಗಿದ್ದರೆ ಒಂದು ಮಾತಿತ್ತು. ಯಾರೋ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತು ನಮ್ಮ ಸಹಿಗೇ ಬೆಲೆ ಇಲ್ಲದ ಹಾಗೆ ಮಾಡಿಬಿಟ್ಟಳಂತೆ. ಆ ಹೆಂಗಸಿಗೆ ಹೇಳೋಕೆ ಕೇಳೋಕೆ ಮನೆಯಲ್ಲಿ ಯಾರೂ ಇಲ್ಲವಾ? ಅವಳ ನಂಬರ್ ಇದ್ದರೆ ಕೊಡಿ, ನಾನೇ ಮಾತಾಡ್ತೀನಿ. ಹಲೋ, ಯಾರು ಮಾತಾಡ್ತಿರೋದು?"

"ರಾಂಗ್ ನಂಬರ್," ಅಂದಳು ಕಲ್ಯಾಣಿ.